ಮೂರನೆಯ ಟರ್ಬೊ

"ಮೂವರು ಬಂದು ಕೂತಿದ್ದಾರೆ ಬುದ್ಧಿ, ಯಾರನ್ನು ಇಟ್ಟುಕೊಳ್ಳಲಿ?" ಎಂದು ಪರ್ವತಯ್ಯ ಗುರುಗಳನ್ನು ಕೇಳಿದ.

ಪರ್ವತಯ್ಯ ಆ ಮಠದ ದಾಸೋಹವನ್ನು ನೋಡಿಕೊಳ್ಳುವ ಶಿಷ್ಯ. ಅಲ್ಲಿ ದಿನಕ್ಕೆ ಇನ್ನೂರು ಜನ ಉಣ್ಣುತ್ತಿದ್ದರು. ಉಗ್ರಾಣದ ಕೀಲಿಕೈ ಸದಾ ಅವನ ಸೊಂಟದಲ್ಲಿ ಇರುತ್ತಿತ್ತು. ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ಅವನೇ ಅಳೆದು ಕೊಡುತ್ತಿದ್ದ, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವನು ಕೆಟ್ಟವನಲ್ಲ. ಮಠದ ಒಂದು ಕಾಳೂ ಪೋಲಾಗಬಾರದು ಎಂಬುದು ಅವನ ಹಟ. ಆದರೆ ಆರು ತಿಂಗಳಲ್ಲಿ ಇಬ್ಬರು ಅಡುಗೆಯವರು ಬಿಟ್ಟುಹೋಗಿದ್ದರು. ಈಗ ಮೂರನೆಯವನನ್ನು ಆರಿಸಬೇಕಿತ್ತು.

"ಒಬ್ಬ ಕಡಿಮೆ ಸಂಬಳಕ್ಕೆ ಬರುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಮದುವೆ ಛತ್ರದಲ್ಲಿ ಸಾವಿರ ಎಲೆಗೆ ಅಡುಗೆ ಮಾಡಿದವನು. ಮತ್ತೊಬ್ಬ ಬೇರೆ ಮಠದಲ್ಲಿ ಇದ್ದು ಬಂದವನು. ಇಂದೇ ಹೇಳಿಬಿಡಿ ಬುದ್ಧಿ, ಬೇವಿನ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ."

"ಕಾಯಲಿ. ನಮ್ಮ ಮಠದ ಅಡುಗೆಯವನಿಗೆ ಕಾಯುವುದೂ ಒಂದು ಕೆಲಸವೇ" ಎಂದರು ಗುರುಗಳು.

ಅವರು ಹಾಗೇಕೆ ಅಂದರು ಎಂದು ಪರ್ವತಯ್ಯನಿಗೆ ತಿಳಿಯಲಿಲ್ಲ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು. ಸನ್ಯಾಸಕ್ಕೆ ಬರುವ ಮುಂಚೆ ಅವರು ಹನ್ನೊಂದು ವರ್ಷ ಲಾರಿ ಓಡಿಸಿದವರು. ಆದ್ದರಿಂದ ಅವರ ಕತೆಗಳಲ್ಲಿ ರಾಜ, ಮಂತ್ರಿ ಬರುವುದು ಕಡಿಮೆ. ಎಂಜಿನ್ ಬರುವುದು ಹೆಚ್ಚು. ಅವರು ಹೇಳಿದ್ದು ಹೀಗೆ:

ಬಾಡಿಗೆ ಕಾರು ಓಡಿಸುವ ಒಬ್ಬ ಹೆಂಗಸಿದ್ದಳು. ಕಾರು ಡೀಸೆಲ್ಲಿನದು, ಹದಿನೈದು ವರ್ಷ ಹಳೆಯದು. ಬೆಟ್ಟದ ಮೇಲಿನ ಶಾಲೆಗೆ ನಾಲ್ವರು ಮೇಷ್ಟರನ್ನು ಬೆಳಗ್ಗೆ ಹತ್ತಿಸುವುದು, ಸಂಜೆ ಇಳಿಸುವುದು ಅವಳ ಕೆಲಸ. ಅದು ಬಿಟ್ಟರೆ ಅವಳಿಗೆ ಬೇರೆ ದುಡಿಮೆ ಇರಲಿಲ್ಲ.

ಆ ಕಾರಿನ ಎಂಜಿನ್ನಿಗೆ ಟರ್ಬೊ ಇತ್ತು. ಟರ್ಬೊ ಎಂದರೆ ಏನೆಂದು ಹೇಳದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಒಂದು ಸಣ್ಣ ದಂಡ, ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಆಗ ಇನ್ನೊಂದೂ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಗಾಳಿ ಇದ್ದರೆ ಬೆಟ್ಟ ಹತ್ತಲು ಶಕ್ತಿ. ದಂಡ ತಿರುಗುವ ವೇಗ ಕಣ್ಣಿಗೆ ಕಾಣುವಂಥದ್ದಲ್ಲ. ಅಷ್ಟು ವೇಗದಲ್ಲೂ ಅದು ಸುಡದೆ ಉಳಿಯುವುದು ಸುತ್ತ ಇರುವ ತೆಳ್ಳನೆಯ ಎಣ್ಣೆಯ ಪದರದಿಂದ. ಇದೊಂದನ್ನು ನೆನಪಿಡು.

ಅವಳು ಟರ್ಬೊವನ್ನು ಎರಡು ಸಲ ಬದಲಾಯಿಸಿದ್ದಳು. ಹೊಸದಾಗಿ ಹಾಕಿದ ಆ ಎರಡೂ ಮೂರು ಮೂರು ತಿಂಗಳಲ್ಲಿ ಕೆಟ್ಟವು. ಎರಡನೆಯದು ಕೆಟ್ಟ ದಿನ ಕಾರು ಅರ್ಧ ಬೆಟ್ಟದಲ್ಲೇ ನಿಂತಿತು. ಮೇಷ್ಟರುಗಳು ಇಳಿದು ನಡೆದರು. ಹೆಡ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ, "ಸೋಮವಾರ ನಿಮ್ಮ ಕಾರು ಮೇಲೆ ಬರಬೇಕು. ಬರದಿದ್ದರೆ ಜೀಪಿನವನಿಗೆ ಹೇಳುತ್ತೇವೆ" ಎಂದರು. ಜೀಪಿನವನು ಅದಾಗಲೇ ಶಾಲೆಯ ಗೇಟಿನವರೆಗೂ ಬಂದು ಮಾತಾಡಿ ಹೋಗಿದ್ದ.

ಶನಿವಾರ ಬೆಳಗ್ಗೆ ಅವಳು ಬಿಡಿಭಾಗಗಳ ಅಂಗಡಿಗೆ ಹೋದಳು. ಅದರ ಪಕ್ಕದಲ್ಲೇ ಗ್ಯಾರೇಜು, ಅವಳ ಕಾರನ್ನು ಎಳೆದು ತಂದು ಟರ್ಬೊ ಬಿಚ್ಚಿದ್ದೂ ಅಲ್ಲೇ. ಅಂಗಡಿಯವನು ಮೂರು ಟರ್ಬೊ ತಂದು ಮೇಜಿನ ಮೇಲೆ ಇಟ್ಟ. ಒಂದು ಅಗ್ಗದ್ದು, ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಒಂದು ದೊಡ್ಡದು, ಬೇರೆ ಗಾಡಿಯದು. ಮೂರನೆಯದು ಹಳೆಯ ಕವಚಕ್ಕೆ ಒಳಗಿನ ಭಾಗ ಹೊಸದಾಗಿ ಹಾಕಿ ರಿಪೇರಿ ಮಾಡಿದ್ದು.

"ದೊಡ್ಡದನ್ನು ತಗೊಳ್ಳಿ ಅಕ್ಕ. ಹಾಕಿದರೆ ಗಾಡಿ ಹಾರುತ್ತದೆ" ಎಂದ ಅಂಗಡಿಯವನು.

"ಹಾರುವುದು ಬೇಡ. ಹತ್ತಿದರೆ ಸಾಕು."

"ಹಾಗಾದರೆ ನನ್ನ ಮಾತು ಕೇಳಿ, ಗಾಡಿಯನ್ನೇ ಗುಜರಿಗೆ ಹಾಕಿ" ಎಂದ ಗ್ಯಾರೇಜಿನ ಮೇಸ್ತ್ರಿ. "ಹಳೆಯ ಗಾಡಿ ಅಂದಮೇಲೆ ಹೀಗೇ. ಏನು ಹಾಕಿದರೂ ತಿಂದುಹಾಕುತ್ತದೆ."

ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಅವಳು ಆಡಿಸಲಿಲ್ಲ.

"ಮೇಸ್ತ್ರಿ, ಹದಿನೈದು ವರ್ಷದ ಎಂಜಿನ್ ಇನ್ನೂ ಓಡುತ್ತಿದೆ. ಮೂರು ತಿಂಗಳ ಟರ್ಬೊ ಸತ್ತಿದೆ. ಸತ್ತದ್ದು ಹೊಸದು, ಬದುಕಿರುವುದು ಹಳೆಯದು. ನೀವು ಹಳೆಯದನ್ನು ಬಯ್ಯುತ್ತೀರಿ."

"ಈಗ ಮೂರರಲ್ಲಿ ಯಾವುದು ಬೇಕು, ಅದನ್ನು ಹೇಳಿ" ಎಂದ ಅಂಗಡಿಯವನು.

"ಮೂರನೆಯದನ್ನು ಕೊಡುವ ಮೊದಲು, ಹಿಂದಿನ ಎರಡನ್ನು ಯಾರು ಕೊಂದರು ಹೇಳಿ."

"ಅದೆಲ್ಲ ಹೇಳುತ್ತ ಕೂರಲು ನಮಗೆ ಹೊತ್ತಿಲ್ಲ."

"ನನಗಿದೆ. ಸೋಮವಾರದವರೆಗೂ ಇದೆ" ಎಂದು ಅವಳು ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ ಒಂದು ಹಳೆಯ ಟೈರಿನ ಮೇಲೆ ಕುಳಿತಳು. ಇನ್ನೊಂದು ಗಾಡಿ ಒಳಗೆ ಬರಬೇಕಿತ್ತು. ಅದರವನು ಹಾರನ್ ಹೊಡೆದ. ಅವಳು ಏಳಲಿಲ್ಲ. ಮೇಸ್ತ್ರಿ ಬೈದ. ಅದಕ್ಕೂ ಏಳಲಿಲ್ಲ. ಅವಳು ಜಗಳಗಂಟಿ ಎಂದು ಇದನ್ನು ಹೇಳುತ್ತಿಲ್ಲ. ಅವಳ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ, ಆದ್ದರಿಂದ ಅವಳಿಗೆ ಏಳಲು ಕಾರಣವಿರಲಿಲ್ಲ.

ಕೊನೆಗೆ ಮೇಸ್ತ್ರಿ ಮೂಲೆಯಲ್ಲಿದ್ದ, ಕೆಟ್ಟ ಎರಡು ಟರ್ಬೊಗಳನ್ನು ತಂದು ಅವಳ ಮುಂದೆ ಕುಕ್ಕಿದ. "ನೋಡಿಕೊಳ್ಳಿ. ನಿಮಗೇನು ತಿಳಿಯುತ್ತದೋ ನೋಡೋಣ."

ಅವಳು ಮೊದಲನೆಯದರ ದಂಡವನ್ನು ನೋಡಿದಳು, ಎರಡನೆಯದನ್ನೂ ನೋಡಿದಳು. ಎರಡೂ ಒಂದೇ ಜಾಗದಲ್ಲಿ ನೀಲಿಗಪ್ಪಾಗಿದ್ದವು.

"ಟರ್ಬೊ ವಿಷಯ ನನಗೆ ತಿಳಿಯದು ಮೇಸ್ತ್ರಿ. ಆದರೆ ಎಣ್ಣೆ ಹಾಕುವುದನ್ನು ಮರೆತು ಒಲೆಯ ಮೇಲೆ ಬಿಟ್ಟ ಬಾಣಲೆಯ ಬಣ್ಣ ಇದು. ಇದಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ?"

"ಎಂಜಿನ್ನಿನಿಂದ. ಒಂದು ಸಣ್ಣ ಪೈಪಿನಲ್ಲಿ."

"ಆ ಪೈಪು ಬದಲಾಯಿಸಿದ್ದೀರಾ?"

"ಅದನ್ನು ಯಾರು ಬದಲಾಯಿಸುತ್ತಾರೆ? ಎರಡು ಸಲವೂ ಇದ್ದದ್ದನ್ನೇ ಮತ್ತೆ ಸೇರಿಸಿದ್ದೇನೆ."

"ಬಿಚ್ಚಿ."

"ಬಿಚ್ಚುವಾಗ ಮುರಿದರೆ ನನ್ನನ್ನು ಕೇಳಬಾರದು."

"ಮುರಿಯಲಿ. ಎರಡು ಟರ್ಬೊ ಮುರಿದಾಗ ನಾನು ಯಾರನ್ನು ಕೇಳಿದೆ?"

ಮೇಸ್ತ್ರಿ ಬಿಚ್ಚಿದ. ಕಿರುಬೆರಳಿಗಿಂತ ಸಣ್ಣ ಪೈಪು. ಒಂದು ತುದಿಯನ್ನು ಬಾಯಿಗಿಟ್ಟು ಊದಿದ. ಇನ್ನೊಂದು ತುದಿಯಲ್ಲಿ ಗಾಳಿ ಬಂದದ್ದೇ ತಿಳಿಯಲಿಲ್ಲ. ಇನ್ನೊಮ್ಮೆ ಕೆನ್ನೆ ಉಬ್ಬಿಸಿ ಊದಿದ. ಆಗಲೂ ಇಲ್ಲ. ಗರಗಸದಿಂದ ಕತ್ತರಿಸಿ ನೋಡಿದರೆ ಒಳಗೆ ಕರಿ ಕಟ್ಟಿಕೊಂಡು, ಸೂಜಿ ತೂರುವಷ್ಟು ದಾರಿ ಮಾತ್ರ ಉಳಿದಿತ್ತು.

ಆಗ ಮೇಸ್ತ್ರಿಯ ದನಿ ತಗ್ಗಿತು. "ನಾನು ನೋಡಬೇಕಿತ್ತು ಅಕ್ಕ" ಎಂದ. ಕತ್ತರಿಸಿದ ಪೈಪನ್ನು ಅವಳ ಕೈಗೆ ಕೊಟ್ಟು ಕೇಳಿದ: "ಬೆಟ್ಟ ಹತ್ತಿದ ತಕ್ಷಣ ಎಂಜಿನ್ ಆರಿಸುವವರು ಯಾರು? ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ. ಆಗ ಆರಿಸಿದರೆ ಎಣ್ಣೆ ಹರಿಯುವುದು ನಿಲ್ಲುತ್ತದೆ, ನಿಂತಲ್ಲೇ ಸುಟ್ಟು ಕರಿಯಾಗುತ್ತದೆ. ದಿನಾ ಒಂದೊಂದು ಪದರ."

ಶಾಲೆಯ ಪ್ರಾರ್ಥನೆಗೆ ತೊಂದರೆಯಾಗುತ್ತದೆ ಎಂದು ಹೆಡ್ ಮೇಷ್ಟ್ರು ಎಂಜಿನ್ನನ್ನು ಕೂಡಲೇ ಆರಿಸಲು ಹೇಳಿದ್ದರು. ಡೀಸೆಲ್ ಉಳಿಯುತ್ತದೆ ಎಂದು ಅವಳಿಗೂ ಅದು ಹಿತವಾಗಿತ್ತು.

"ನಾನೇ" ಎಂದಳು. "ಕೊಂದದ್ದು ನಾನೇ. ಸರಿ, ಈಗ ಗೊತ್ತಾಯಿತಲ್ಲ. ಕೆಲಸ ಶುರು ಮಾಡಿ."

ಇಲ್ಲಿ ಒಂದು ಮಾತು ಪರ್ವತಯ್ಯ. ಅಷ್ಟು ಜನರ ಮುಂದೆ ಹಟ ಹಿಡಿದು ಕೂತವಳು, ತಪ್ಪು ತನ್ನ ಕಡೆ ತಿರುಗಿದಾಗಲೂ ಮುಖ ತಿರುಗಿಸಲಿಲ್ಲ. ಅವಳ ಹಟ ಗೆಲ್ಲುವುದಕ್ಕಾಗಿ ಇರಲಿಲ್ಲ, ತಿಳಿಯುವುದಕ್ಕಾಗಿ ಇತ್ತು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಹೊಸ ಪೈಪು ಹಾಕಿಸಿದಳು. ಎಂಜಿನ್ನಿನ ತಳ ಬಿಚ್ಚಿಸಿ, ಎಣ್ಣೆ ಸೋಸುವ ಜಾಲರಿಯನ್ನು ತೊಳೆಸಿದಳು. ಹಳೆಯ ಎಣ್ಣೆ ಚೆಲ್ಲಿಸಿ ಹೊಸದು ತುಂಬಿಸಿದಳು. ಇದೆಲ್ಲ ಮುಗಿದ ಮೇಲೆಯೇ ಟರ್ಬೊ ಆಯ್ದುಕೊಳ್ಳಲು ಹೋದಳು. ಆಗ ಆಯ್ಕೆ ಸುಲಭವಾಗಿತ್ತು. ಹೊಸ ಕಾರಿನೊಂದಿಗೇ ಬಂದಿದ್ದ ಮೂಲ ಟರ್ಬೊ ಡಿಕ್ಕಿಯಲ್ಲೇ ಬಿದ್ದಿತ್ತು, ಅದರ ತಗಡಿನ ಮೇಲೆ ಒಂದು ಸಂಖ್ಯೆ ಕೊರೆದಿತ್ತು. ಅದೇ ಸಂಖ್ಯೆ ರಿಪೇರಿಯಾದ ಮೂರನೆಯದರ ಮೇಲೂ ಇತ್ತು. ಅದನ್ನು ತೆಗೆದುಕೊಂಡಳು.

ಸೋಮವಾರ ಕಾರು ಎಲ್ಲೂ ನಿಲ್ಲದೆ ಬೆಟ್ಟ ಹತ್ತಿತು. ಶಾಲೆಯ ಅಂಗಳದಲ್ಲಿ ಮೇಷ್ಟರುಗಳು ಇಳಿದರು. ಅವಳು ಎಂಜಿನ್ ಆರಿಸಲಿಲ್ಲ, ಸುಮ್ಮನೆ ಓಡಲು ಬಿಟ್ಟಳು. ಪ್ರಾರ್ಥನೆಯ ಗಂಟೆ ಹೊಡೆಯಿತು.

"ಆರಿಸಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?" ಎಂದರು ಹೆಡ್ ಮೇಷ್ಟ್ರು.

"ಎರಡು ನಿಮಿಷ ಬಿಟ್ಟು ಆರಿಸುತ್ತೇನೆ ಸಾರ್."

"ಈಗಲೇ ಆರಿಸಿ. ಇಲ್ಲದಿದ್ದರೆ ಜೀಪಿನವನಿದ್ದಾನೆ."

"ಇರಲಿ. ಬೇಕಾದರೆ ನಾಳೆಯಿಂದ ಅವನ ಜೀಪಿನಲ್ಲಿ ಬನ್ನಿ. ಮೊನ್ನೆ ನೀವು ಬೆಟ್ಟ ನಡೆದು ಹತ್ತಿದಿರಲ್ಲ, ಬಂದವರೇ ನೀರು ಕುಡಿಯದೆ, ಕೂರದೆ, ಪಾಠ ಶುರು ಮಾಡಿದಿರಾ?"

ಅವಳಿಗೆ ಆ ಕೆಲಸ ಹೋದರೆ ಬೇರೆ ಇರಲಿಲ್ಲ. ಅದನ್ನು ಮೊದಲೇ ಹೇಳಿದ್ದೇನೆ. ಆದರೂ ಕೀಲಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಎರಡು ನಿಮಿಷ ಮುಗಿಯುವವರೆಗೆ ಹಾಗೇ ಕುಳಿತಿದ್ದಳು. ಹೆಡ್ ಮೇಷ್ಟ್ರು ಪ್ರಾರ್ಥನೆಯ ಸಾಲಿನ ಕಡೆಗೆ ನಡೆದರು. ಮರುದಿನವೂ ಅದೇ ಕಾರಿನಲ್ಲಿ ಬಂದರು. ಆ ಟರ್ಬೊ ಐದು ವರ್ಷ ಓಡಿತು.

ಗುರುಗಳು ಕತೆ ನಿಲ್ಲಿಸಿದರು.

ಪರ್ವತಯ್ಯ ಉತ್ಸಾಹದಿಂದ ಎದ್ದು ನಿಂತ. ಏಳುವಾಗ ಸೊಂಟದ ಕೀಲಿಕೈ ಸದ್ದು ಮಾಡಿತು. "ಅರ್ಥವಾಯಿತು ಬುದ್ಧಿ. ಅಗ್ಗಕ್ಕೆ ಬರುವವನು ಬೇಡ, ಸಾವಿರ ಎಲೆಯವನೂ ಬೇಡ. ಬೇರೆ ಮಠದಲ್ಲಿದ್ದು ಪಳಗಿದವನೇ ನಮಗೆ ಹೊಂದುತ್ತಾನೆ. ಅವನನ್ನೇ ಕರೆಯುತ್ತೇನೆ."

ಅವನು ಬಾಗಿಲವರೆಗೆ ಹೋಗಿದ್ದ. ಗುರುಗಳು ಕೂತಲ್ಲಿಂದಲೇ ಹೇಳಿದರು:

"ಹೋದ ಇಬ್ಬರೂ ಹೋಗುವ ದಿನ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದ್ದರು ಪರ್ವತಯ್ಯ, ಕಾದು ಕೂತರೂ ಒಗ್ಗರಣೆಗೆ ಎಣ್ಣೆ ಸಿಗುವುದಿಲ್ಲ ಎಂದು."