ಮೊಣಕಾಲು ಏನಂತು?

ಇಳಿಜಾರಿಗೆ ಕಾಲಿಡುವ ಮುನ್ನ ಹಿಮದಜ್ಜ ಕಾವಿ ನಿಲುವಂಗಿಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ತೊಟ್ಟ ಬಿಗಿಯಾದ ಕಪ್ಪು ಟೈಟ್ಸನ್ನು ಮೊಣಕಾಲಿನ ಮೇಲೆ ಎರಡು ಬೆರಳಿನಿಂದ ಚಿವುಟಿ, ಎಳೆದು ಬಿಡುತ್ತಿದ್ದರು. ಟಪ್ ಎನ್ನುತ್ತಿತ್ತು. ಆಮೇಲೆ, ಬಾಗಿಲು ತಟ್ಟಿ ಒಳಗಿನವರು ಓ ಎನ್ನಲೆಂದು ಕಾಯುವವರಂತೆ, ತಲೆ ವಾಲಿಸಿ ನಿಲ್ಲುತ್ತಿದ್ದರು.

ಅವರು ನಿಂತಷ್ಟು ಹೊತ್ತೂ ಹಿಂದೆ ಶಿಷ್ಯರ ಸಾಲು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಚಳಿಗೆ ನಡುಗುತ್ತಿತ್ತು. ಮೃಡಾನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ದಿನಾ ಬೆಳಗ್ಗೆ ಇದೇ. ಈ ಮನುಷ್ಯ ಏನು ಕೇಳಿಸಿಕೊಳ್ಳುತ್ತಾರೆ?

ಅಜ್ಜ ಗದಗದ ಕಡೆಯವರು. ಹಿಮಾಲಯಕ್ಕೆ ಬಂದದ್ದು ತಪಸ್ಸಿಗೆ. ಬೆಟ್ಟದ ಊರಿನವರು ಹಿಮದ ಮೇಲೆ ಜಾರುವುದನ್ನು ಕಂಡು ತಾವೂ ಕಲಿತರು, ಕೊನೆಗೆ ಅದೇ ತಪಸ್ಸಾಯಿತು. ಮೇಲೆ ಆಶ್ರಮ, ಕೆಳಗೆ ನದಿ, ನಡುವೆ ಇಳಿಜಾರು. ಅಲ್ಲಿನ ಪಾಠವೆಲ್ಲ ಅಷ್ಟೇ.

ಅಲ್ಲೊಂದು ಪದ್ಧತಿ ಇತ್ತು. ಚಳಿಗಾಲದ ಮೊದಲ ದೊಡ್ಡ ಹಿಮ ಬಿದ್ದ ಮರುದಿನ, ಶಿಷ್ಯರಲ್ಲಿ ಒಬ್ಬರು ಆಶ್ರಮದ ಬಾಗಿಲಿನಿಂದ ನದಿಯವರೆಗೆ ಒಬ್ಬರೇ ಇಳಿದು ಗೆರೆ ಎಳೆಯಬೇಕು. ಮಿಕ್ಕವರು, ಗುರುಗಳೂ ಸೇರಿ, ಹಿಂದಿನಿಂದ ಅದೇ ಗೆರೆಯಲ್ಲಿ ಇಳಿಯಬೇಕು, ಆಚೀಚೆ ಹೋಗುವಂತಿಲ್ಲ.

ಹೋದ ವರ್ಷ ಆ ಪಾಳಿ ಮೃಡಾನಿಯದಾಗಿತ್ತು. ಹಿಂದಿನ ದಿನವೇ ಬಲ ಮೊಣಕಾಲು ತಿರುಚಿ ಹಾಸಿಗೆ ಹಿಡಿದಳು. ಈ ವರ್ಷ ಅಜ್ಜ ಮತ್ತೆ ಅವಳ ಹೆಸರನ್ನೇ ಹೇಳಿದ್ದರು. ಇನ್ನೊಮ್ಮೆ ತಿರುಚಿದರೆ ಹಲಗೆಯ ಆಸೆ ಬಿಟ್ಟುಬಿಡಿ ಎಂದು ಡಾಕ್ಟರೂ ಹೇಳಿದ್ದರು.

"ಅಜ್ಜಾರ, ಮಣಕಾಲ ಅಳ್ಳಾಡತೈತ್ರಿ. ಏನ ಮಾಡ್ಲಿ?"

"ನನ್ನಂಗ ಟೈಟ್ಸ್ ಹಾಕ್ಕೊ."

ಅವಳು ಕಾದಳು. ಮುಂದೆ ಏನೋ ಬರುತ್ತದೆ, ಒಗಟಿನಂಥದ್ದು, ಅಂದುಕೊಂಡಳು. ಅಜ್ಜ ಚಹಾ ಊದಿಕೊಂಡು ಕುಡಿಯುತ್ತಿದ್ದರು.

"ಅಷ್ಟೇನ್ರಿ?"

"ಮತ್ತೇನು ಬೇಕಾಗಿತ್ತು?"

"ಎಲ್ಲಾ ಆಸರಾ ಬಿಟ್ಟುಬಿಡು ಅಂತೀರಿ ಅನ್ಕೊಂಡಿದ್ದೆ. ಗುರುಗಳು ಹಂಗ ಅಂತಾರಲ್ರಿ."

"ಬಿದ್ದವರಿಗೆ ಆಸರಾ ಬಿಡು ಅನ್ನಾಂವ ತಾನು ಗ್ವಾಡಿಗೆ ಒರಗಿ ಕುಂತಿರ್ತಾನ. ಹಾಕ್ಕೋ ಹೋಗವ್ವ."

ಹಾಕಿಕೊಂಡಳು. ಯಾರೋ ಮೊಣಕಾಲನ್ನು ಅಂಗೈಯಲ್ಲಿ ಹಿಡಿದಂತಿತ್ತು. ಅಂದು ಒಮ್ಮೆಯೂ ಬೀಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳ ತಲೆಯಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು: ಒಂದು ಇಷ್ಟು ಹಿಡಿಯುತ್ತದೆ ಎಂದಮೇಲೆ ಎರಡು ಎಷ್ಟು ಹಿಡಿಯಬೇಡ!

ಮರುದಿನ ಮೊದಲ ತಿರುವಿನಲ್ಲೇ ಹಿಟ್ಟಿನ ಚೀಲದಂತೆ ಬಿದ್ದಳು. ಟೋಪಿ ಒಂದು ಕಡೆ, ಕೋಲು ಇನ್ನೊಂದು ಕಡೆ.

ಅಜ್ಜ ಬಂದು ಪಕ್ಕದಲ್ಲಿ ನಿಂತರು. "ಚಿವುಟು."

ಅವಳು ಕೂತಲ್ಲೇ ಮೊಣಕಾಲಿನ ಮೇಲಿನ ಬಟ್ಟೆಯನ್ನು ಚಿವುಟಲು ನೋಡಿದಳು. ಬೆರಳು ಜಾರಿತು. ಮತ್ತೆ ನೋಡಿದಳು.

"ಬರವಲ್ದ್ರಿ."

"ಯಾಕ?"

ಅವಳು ಹಿಮ ನೋಡುತ್ತ ಹೇಳಿದಳು. "ಒಂದರ ಮ್ಯಾಲ ಒಂದು, ಎರಡ ಹಾಕ್ಕೊಂಡೀನ್ರಿ."

ಅಜ್ಜ ಆಕಾಶದತ್ತ ನೋಡಿದರು. ಅಲ್ಲಿಂದಲೂ ಸಹಾಯ ಬರಲಿಲ್ಲ.

"ಕಾಲು ಎಲ್ಲೈತಿ?"

"ಇಲ್ಲೇ ಐತಲ್ರಿ!"

"ಯಾರ ಹೇಳಿದ್ರು?"

"ಕಣ್ಣಿಗೆ ಕಾಣತೈತ್ರಿ."

"ಕಣ್ಣು ದಾರಿ ನೋಡ್ಲಿ. ಕಾಲಿನ ಸುದ್ದಿ ಕಾಲ ಹೇಳ್ಬೇಕು. ಅದರ ಬಾಯಿ ಕಟ್ಟಿಟ್ಟು ಬಂದೀಯಲ್ಲ."

ಶಿಷ್ಯರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿರಿಯ ಶಿಷ್ಯ ವಿರುಪಣ್ಣ. ಮೃಡಾನಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಎರಡನ್ನೂ ಕಿತ್ತು ಮೂಲೆಗೆಸೆದು ಬರೀ ಉಣ್ಣೆ ಪಾಯಿಜಾಮ ಏರಿಸಿ ಬಂದಳು. ಎರಡನೆಯ ತಿರುವಿನ ಹೊತ್ತಿಗೆ ಮೊಣಕಾಲು ಹಳೇ ಸ್ಟೂಲಿನ ಕಾಲಿನಂತೆ ಅಲುಗಾಡತೊಡಗಿತು. ಬೀಳುವ ಮೊದಲೇ ಕೂತುಬಿಟ್ಟಳು.

ಅಜ್ಜ ಈ ಸಲ ಆಕಾಶ ನೋಡಲಿಲ್ಲ. ಅವಳನ್ನೇ ನೋಡಿದರು.

"ಒಂದಿನ ಎರಡು. ಒಂದಿನ ಸೊನ್ನಿ. ಅಲ್ಲ ತಂಗಿ, ಅಷ್ಟು ದೊಡ್ಡ ಸಾಲಿ ಕಲ್ತೀ, ಒಂದು ಅನ್ನೂದನ್ನ ಕಲಿಸಲೇ ಇಲ್ಲೇನ ಅಲ್ಲಿ?"

ಅಂದು ಸಂಜೆ ಹಿಮ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಇಳಿಜಾರು ಮಡಿ ಮಾಡಿ ಹರವಿದ ಧೋತರದಂತೆ ಒಂದು ಸುಕ್ಕೂ ಇಲ್ಲದೆ ಬಿದ್ದುಕೊಂಡಿತ್ತು.

ಮೃಡಾನಿ ಒಂದೇ ಟೈಟ್ಸ್ ತೊಟ್ಟು, ನಿಲುವಂಗಿ ಎತ್ತಿ ಕಟ್ಟಿ, ಹಲಗೆ ಬಿಗಿದು ಬಾಗಿಲಲ್ಲಿ ನಿಂತಳು.

"ಅಜ್ಜಾರ, ನೀವೂ ಬಾಜೂಕ ಬರ್ರಿ. ತಿರುವು ಬಂದಾಗ ಬಗ್ಗು ಅಂತ ಒಂದ ಮಾತು ಅನ್ರಿ, ಸಾಕು."

"ಮತ್ತ ಎರಡ ಹಾಕ್ಕೊಂಡ ಬಂದ್ಯಾ?"

"ಇಲ್ರೀ! ದೇವರಾಣೆ ಒಂದ!"

"ನಾ ಬಂದ್ರ ಎರಡಾಗಲಿಲ್ಲೇನು?"

ಅವಳು ಇಳಿಜಾರಿನತ್ತ ತಿರುಗಿ ಕೋಲು ಊರಿದಳು.

"ಚಿವುಟು," ಎಂದರು ಅಜ್ಜ.

ಚಿವುಟಿ ಎಳೆದು ಬಿಟ್ಟಳು.

"ಏನಂತು?"

"ಟಪ್ ಅಂತ್ರಿ."

"ಅದು ಬಟ್ಟಿ ಅಂದದ್ದು. ಮಣಕಾಲ ಏನಂತು?"

ಹಿಂದಿನ ಸಾಲಿನಲ್ಲಿ ವಿರುಪಣ್ಣ ಕೆಮ್ಮಿದ. ಯಾರದೋ ಹಲ್ಲು ಕಟಕಟ ಎಂದಿತು. ಮೃಡಾನಿ ತಲೆ ವಾಲಿಸಿ ನಿಂತಳು. ನಿಂತೇ ಇದ್ದಳು.

"ನೋವೈತಿ ಅಂತ್ರಿ. ಆದ್ರ… ಇಲ್ಲೇ ಅದೀನಿ ಅಂತ್ರಿ."

"ಮಾತಾಡಾಕತ್ತೈತಿ. ನಡಿ ಇನ್ನ."

ಹೊರಟಳು. ಹಲಗೆಯ ಕೆಳಗೆ ಹಿಮ ಸರ್ರೆಂದಿತು. ಮೊದಲ ತಿರುವು ಬಂತು, ಹೋಯಿತು. ಎರಡನೆಯದೂ. ಬಟ್ಟೆ ಮೊಣಕಾಲನ್ನು ಹಿಡಿದಿತ್ತು, ಮೊಣಕಾಲು ಅವಳಿಗೆ ಹೆಜ್ಜೆಹೆಜ್ಜೆಗೂ ಸುದ್ದಿ ಕೊಡುತ್ತಿತ್ತು. ಎರಡು ಚಳಿಗಾಲದಿಂದ ಕಂಡ ಕನಸು ಇದು. ನದಿಯ ಸಪ್ಪಳ ಕೇಳತೊಡಗಿತು.

ಕಡೆಯ ತಿರುವು ಕಡಿದಾದ ಬಂಡೆಯ ಬುಡದಲ್ಲಿತ್ತು. ಅಲ್ಲಿಗೆ ಬರುವಾಗ ಮೊಣಕಾಲು ಬೇಡ ಎಂದಿತು.

ಚೀರಿ ಹೇಳಲಿಲ್ಲ. ಮನೆಗೆ ಬಂದವರು ಇನ್ನು ರೊಟ್ಟಿ ಸಾಕು ಎನ್ನುವಂತೆ ಮೆಲ್ಲಗೆ ಹೇಳಿತು. ಅವಳು ಹಲಗೆ ಅಡ್ಡ ಹಾಕಿ ನಿಂತಳು.

"ಅಜ್ಜಾರಾ! ಬ್ಯಾಡ ಅನ್ನಾಕತ್ತೈತ್ರೀ!"

ಮೇಲೆ ಕಾವಿಯ ಚುಕ್ಕೆಯೊಂದು ಕಂಡಿತು. ಚುಕ್ಕೆ ಅಲುಗಾಡಲಿಲ್ಲ. ಬೆಟ್ಟ ಅವಳ ಕೂಗನ್ನೇ ಅವಳಿಗೆ ಹಿಂತಿರುಗಿಸಿತು.

ಅಜ್ಜನ ಮೇಲೆ ಸಿಟ್ಟು ಬಂತು. ಮೊಣಕಾಲಿನ ಮೇಲೆ ಬಂತು. ಇಷ್ಟು ಹತ್ತಿರ ಹರಿಯುತ್ತಿದ್ದ ನದಿಯ ಮೇಲೂ ಬಂತು. ಕಣ್ಣೊರೆಸಿಕೊಂಡಳು. ಕೂತು ಹಲಗೆ ಬಿಚ್ಚಿದಳು, ಹೆಗಲ ಮೇಲಿಟ್ಟುಕೊಂಡಳು, ತೊಡೆಮಟ್ಟದ ಹಿಮದಲ್ಲಿ ಕಾಲು ಹೂತುಕೊಳ್ಳುತ್ತ ನಡೆದು ಇಳಿದಳು.

ನದಿಯ ದಂಡೆಯಲ್ಲಿ ಹಿಂತಿರುಗಿ ನೋಡಿದಳು. ಬಂಡೆಯವರೆಗೆ ಗೆರೆ ಎಣ್ಣೆಯ ಧಾರೆಯಂತೆ ನುಣ್ಣಗಿತ್ತು. ಅಲ್ಲಿಂದ ಮುಂದೆ ಎಮ್ಮೆ ಹೊಕ್ಕ ಗದ್ದೆ.

ಈಗ ಅಜ್ಜ ಬರುತ್ತಿದ್ದರು. ಅವಳ ಗೆರೆಯಲ್ಲೇ, ಕೂದಲೆಳೆಯಷ್ಟೂ ಆಚೀಚೆ ಹೋಗದೆ. ಬಂಡೆಯ ಹತ್ತಿರ ನಿಂತರು. ಬಗ್ಗಿದರು. ಹಲಗೆ ಬಿಚ್ಚತೊಡಗಿದರು.

ಮೇಲಿಂದ ವಿರುಪಣ್ಣನ ದನಿ ಕೇಳಿತು. "ಅಜ್ಜಾರ, ನಾವೂ ಇಳೀಬೇಕೇನ್ರಿ? ನಮ್ಮ ಕಾಲು ಚಲೋ ಅದಾವ್ರಿ!"

"ಗೆರಿ ಹೆಂಗೈತಿ ಹಂಗ ಬರ್ರೋ!"

"ಇದು ಗೆರಿ ಅಲ್ರೀ, ಬರೇ ತಗ್ಗು, ಕುಣಿ!"

"ಹಂಗಾರ ಕುಣ್ಯಾಗ ಬಾ!"

ಗೊಣಗುತ್ತ, ಮುಗ್ಗರಿಸುತ್ತ, ಹಲಗೆ ಹೊತ್ತ ಸಾಲು ಅವಳ ಹೆಜ್ಜೆಗುಳಿಗಳಲ್ಲಿ ಒಂದೊಂದೇ ಕಾಲಿಡುತ್ತ ಇಳಿಯಿತು. ಅಜ್ಜ ಎಲ್ಲರಿಗಿಂತ ಮೊದಲು ಬಂದರು. ಗಡ್ಡದ ತುಂಬ ಹಿಮ, ಎದೆ ತಿದಿಯಂತೆ ಏರಿಳಿಯುತ್ತಿತ್ತು.

ಮೃಡಾನಿ ತಲೆ ಎತ್ತಲಿಲ್ಲ. "ಗೆರಿ ಅರ್ಧಕ್ಕ ಹರೀತ್ರಿ, ಅಜ್ಜಾರ."

"ಹರದಿದ್ರ ನಾ ಹೆಂಗ ಬರ್ತಿದ್ದೆ?"

ಅವರು ದಂಡೆಯ ಕಲ್ಲಿನ ಮೇಲೆ ಕೂತು, ಕಾಲು ಚಾಚಿ, ಎರಡು ಬೆರಳಿನಿಂದ ತಮ್ಮ ಮೊಣಕಾಲಿನ ಬಟ್ಟೆ ಚಿವುಟಿ ಎಳೆದು ಬಿಟ್ಟರು. ಟಪ್ ಎಂದಿತು. ತಲೆ ವಾಲಿಸಿದರು. ನದಿ ಹರಿಯುತ್ತಿತ್ತು. ಬಹಳ ಹೊತ್ತು ಕಾದರು.

ಮತ್ತೊಮ್ಮೆ ಚಿವುಟಿದರು. ಮತ್ತೆ ಕಾದರು. ಆಮೇಲೆ ಮೇಲಿನ ಬಂಡೆಯತ್ತ ಒಮ್ಮೆ ನೋಡಿ, ಉಳಿದವರಿಗೆ ಕೇಳದಂತೆ ದನಿ ತಗ್ಗಿಸಿದರು.

"ತಂಗಿ, ಬ್ಯಾಡ ಅಂದದ್ದು ನಿನಗ ಹೆಂಗ ಕೇಳಿಸ್ತು? ನನಗೂ ಒಂದೀಟು ಹೇಳಿಕೊಡು."