ಜಿಗಣೆಗೆ ಇಟ್ಟ ಹೆಸರು

ಭಾನುವಾರ ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದು ಕಾಲೇಜಿನ ಅಟೆಂಡರ್ ಮಾದಯ್ಯ ಕೆರೆ ಕಡೆ ಹೋದ. ಅಲ್ಲಿಂದ ಅವನು ತಂದ ಜಿಗಣೆ, ಸೋಮವಾರ ಕಾಲೇಜಿನಲ್ಲಿ ನೋಡಿದಾಗ, ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಜಾತಿ ಎಂದಾಯಿತು. ಪ್ರಾಣಿಶಾಸ್ತ್ರದ ಮುಖ್ಯಸ್ಥರಾದ ಗಂಗಾಧರಯ್ಯನವರು, “ಇದಕ್ಕೆ ನನ್ನ ಹೆಸರೇ ಇಡಬೇಕು,” ಎಂದರು.

“ಆಗಲಿ ಸಾರ್. ಹೆಸರಿನ ಜೊತೆ ಲಕ್ಷಣವನ್ನೂ ಬರೀಬೇಕಲ್ಲ. ಹೇಳಿ, ಬರ್ಕೋತೀನಿ,” ಎಂದ ಮಾದಯ್ಯ.

ಅವರು ಹೇಳಿದರು, ಇವನು ಬರೆದ. ಆಮೇಲೆ ವಿದ್ಯಾರ್ಥಿಗಳ ಎದುರೇ ಗಟ್ಟಿಯಾಗಿ ಓದಿದ: “ಗಂಗಾಧರಯ್ಯ. ಬೆನ್ನೆಲುಬಿಲ್ಲ. ಸಿಕ್ಕವರಿಗೆ ಅಂಟಿಕೊಂಡು ರಕ್ತ ಹೀರುತ್ತದೆ.”

ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಗಂಗಾಧರಯ್ಯನವರ ಮುಖ ಸಪ್ಪಗಾಯಿತು. “ಬೇಡ, ನಿನ್ನ ಹೆಸರೇ ಇಟ್ಕೋ,” ಎಂದು ಹೊರನಡೆದರು.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮಾದಯ್ಯ ತನ್ನ ಹೆಸರಿನ ಚೀಟಿಯನ್ನು ಜಿಗಣೆ ಇಟ್ಟಿದ್ದ ಬಾಟಲಿಗೆ ಅಂಟಿಸಿದ. “ನನ್ನ ಹೆಸರು ಹೇಳೋಕೆ ನೀನೊಬ್ಬನಾದರೂ ಆದೆಯಲ್ಲಪ್ಪ,” ಎಂದು ಜಿಗಣೆಗೆ ಮೆಲ್ಲಗೆ ಹೇಳಿದ.