ಜೋಲುಕಿವಿ ನಾಯಿಯ ಕಾಟಮ್ಮ

ಎಷ್ಟು ಹಿಂದೆ ಅಂತ ಕೇಳಬೇಡಿ, ಅದು ನನ್ನಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಕುರುಚಲು ಗುಡ್ಡಗಳ ನಡುವೆ ಜಾಲಿಹಟ್ಟಿ ಅಂತ ಒಂದು ಹಟ್ಟಿ ಇತ್ತು. ಅಲ್ಲಿ ಎಲ್ಲರೂ ಕುರಿ ಕಾಯುವವರೇ. ಆ ಹಟ್ಟಿಯಲ್ಲಿ ಕಾಟಮ್ಮ ಅಂತ ಒಬ್ಬಳಿದ್ದಳಂತೆ. ಅವಳು ಸಾಕಿದ ನಾಯಿ ಮೂಗು ನೆಲಕ್ಕೆ ಹಚ್ಚಿತು ಅಂದರೆ ಮೂರು ದಿನದ ಹಿಂದೆ ಹೋದವನ ಜಾಡನ್ನೂ ಹಿಡಿಯುತ್ತಿತ್ತಂತೆ. ಮೂರು ಅಂದವಳು ನಮ್ಮಜ್ಜಿ. ನಮ್ಮತ್ತೆ ಏಳು ಅನ್ನುತ್ತಿದ್ದಳು. ನೀವು ನಿಮ್ಮ ಮಕ್ಕಳಿಗೆ ಹೇಳುವಾಗ ಹತ್ತು ಅನ್ನಿ, ಕಾಟಮ್ಮ ಬೇಡ ಅನ್ನುವುದಿಲ್ಲ.

ಆ ನಾಯಿಗಳ ತಳಿಯೇ ಬೇರೆ. ಕಾಲು ಗಿಡ್ಡ, ಮೈ ಉದ್ದ, ಕಿವಿ ನೆಲ ಗುಡಿಸುವಷ್ಟು ಜೋಲು. ಮುಖ ನೋಡಿದರೆ ಈಗಷ್ಟೇ ಯಾರೋ ಬೈದ ಹಾಗೆ. ಓಟದಲ್ಲಿ ಮೊಲಕ್ಕೂ ನಗು ಬರಿಸುವಂಥವು. ಆದರೆ ವಾಸನೆ ಸಿಕ್ಕಿತೋ, ಹೆಸರು ಹಿಡಿದು ಕೂಗಿದರೂ ಕೇಳದು, ಎದುರಿಗೆ ಕಮರಿ ಬಂದರೂ ಕಾಣದು. ಅದಕ್ಕೇ ಕಾಟಮ್ಮ ಹಗ್ಗ ಬಿಡುತ್ತಿರಲಿಲ್ಲವಂತೆ. ಅಂಬಲಿ ಕುಡಿಯುವಾಗ ಅದ್ದದಿರಲಿ ಅಂತ ಎರಡೂ ಕಿವಿಯನ್ನು ನೆತ್ತಿಯ ಮೇಲೆ ಬಟ್ಟೆಯಿಂದ ಕಟ್ಟುತ್ತಿದ್ದಳಂತೆ. ಗಾಳಿಯಾಡದ ಕಿವಿ ಬೇಗ ಕೆಡುತ್ತದೆ ಅಂತ ದಿನಾ ಸಂಜೆ ಮಡಚಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದಳಂತೆ. ಎಷ್ಟು ಹಾಕಿದರೂ ತಿನ್ನುವ ಜಾತಿ, ಮೈ ಬಂದರೆ ಬೆನ್ನು ಹೋಗುತ್ತದೆ ಅಂತ ಮುದ್ದೆಯನ್ನು ಹಿಡಿತದಲ್ಲೇ ಹಾಕುತ್ತಿದ್ದಳಂತೆ. ಗಂಡನಿಗಿಂತ ನಾಯಿಗೇ ಉಪಚಾರ ಹೆಚ್ಚು ಅಂತ ಹಟ್ಟಿಯವರು ಆಡಿಕೊಳ್ಳುತ್ತಿದ್ದರಂತೆ.

ಆಡಿಕೊಳ್ಳುವುದು ಸುಲಭ. ಗಂಡ ಚಿತ್ತಯ್ಯ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಮೇವು ಹುಡುಕಿ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಒಂದು ವರ್ಷ ಅವನು ಅತ್ತ ಹೋದ ಮೇಲೆ ಇತ್ತ ಮುದಿ ನಾಯಿ ಒಂದೇ ಒಂದು ಮರಿ ಹಾಕಿ ಸತ್ತಿತು. ಆ ಮರಿಗೆ ಕೆಂಚಿ ಅಂತ ಹೆಸರಿಟ್ಟು ಕಾಟಮ್ಮ ಮಗುವಿನ ಹಾಗೆ ಬೆಳೆಸಿದಳು. ಚಿತ್ತಯ್ಯ ಅದನ್ನು ನೋಡಿರಲಿಲ್ಲ, ಅದು ಚಿತ್ತಯ್ಯನನ್ನು ನೋಡಿರಲಿಲ್ಲ.

ಯುಗಾದಿಗೆ ಬರುತ್ತೇನೆ ಅಂತ ಅವನು ದಾರಿಹೋಕರ ಕೈಲಿ ಹೇಳಿಕಳಿಸಿದನಂತೆ. ಕಾಟಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಸುಣ್ಣ ಬಳಿದಳು, ನೆಲ ಸಾರಿಸಿದಳು, ಹಳೇ ಚಾಪೆ ಸುಟ್ಟು ಹೊಸದು ಹಾಸಿದಳು. ಗಂಡ ಬಿಟ್ಟುಹೋದ ಪಂಚೆ, ಅಂಗಿ, ರುಮಾಲು, ಒಂದನ್ನೂ ಬಿಡದೆ ಸವಳುಮಣ್ಣು ಹಾಕಿ ಕುದಿಸಿ, ಹಳ್ಳದ ಬಂಡೆಯ ಮೇಲೆ ಬಡಿದು ಬಡಿದು ಒಗೆದಳು. ಹಬ್ಬಕ್ಕೆ ಯಾವ ಹೆಂಗಸು ಒಗೆಯುವುದಿಲ್ಲ ಹೇಳಿ.

ಹಬ್ಬದ ಹಿಂದಿನ ದಿನ ಕುರಿ ಬಂದವು, ಚಿತ್ತಯ್ಯ ಬರಲಿಲ್ಲ. ಕಣಿವೆ ದಾಟುವಾಗ ಒಂದು ಕುರಿ ತಪ್ಪಿಸಿಕೊಂಡಿತು, ನೀವು ನಡೆಯಿರಿ ಹುಡುಕಿಕೊಂಡು ಬರುತ್ತೇನೆ ಅಂತ ಹಿಂದೆ ಉಳಿದ ಅಂತ ಜೊತೆಗಾರರು ಹೇಳಿದರು. ಅದಾಗಿ ಎರಡು ದಿನ ಆಗಿತ್ತು. ಕಂಬಳಿ, ಕೋಲು, ಬುತ್ತಿ ಎಲ್ಲ ಅವನ ಜೊತೆಗೇ ಹೋಗಿದ್ದವು. ಕಣಿವೆಯೋ ಸಾವಿರ ಕುರಿ ತುಳಿದ ನೆಲ. ಅಷ್ಟು ವಾಸನೆಯಲ್ಲಿ ಯಾರದನ್ನು ಹಿಡಿಯಬೇಕು ಅಂತ ಕೆಂಚಿಗೆ ತಿಳಿಸಬೇಕಾದರೆ ಅವನ ಮೈ ಮುಟ್ಟಿದ್ದು ಏನಾದರೂ ಬೇಕು.

ಕಾಟಮ್ಮ ಒಳಗೆ ಓಡಿ ರುಮಾಲು ತಂದು ಕೆಂಚಿಯ ಮೂಗಿಗೆ ಹಿಡಿದಳಂತೆ. ಕೆಂಚಿ ಮೂಸಿತು, ಇನ್ನೊಮ್ಮೆ ಮೂಸಿತು, ಬಾಲ ಎತ್ತಿತು, ಮೂಗು ನೆಲಕ್ಕೆ ಹಚ್ಚಿ ಹಗ್ಗ ಜಗ್ಗಿತು. ಗುಡ್ಡದ ಕಡೆಗಲ್ಲ, ಹಳ್ಳದ ಕಡೆಗೆ. ಅಡ್ಡದಾರಿಯಲ್ಲಿ ಬಂದು ಹಳ್ಳದಲ್ಲಿ ಮುಖ ತೊಳೆಯುತ್ತಿದ್ದಾನು ಅಂತ ಹಟ್ಟಿಗೆ ಹಟ್ಟಿಯೇ ಹಿಂದೆ ಓಡಿತಂತೆ. ಎಲ್ಲರಿಗಿಂತ ಮುಂದೆ ಕಾಟಮ್ಮ, ನಗುನಗುತ್ತಾ. ಕೆಂಚಿ ಒಗೆಯುವ ಬಂಡೆಯ ಹತ್ತಿರ ಹೋಗಿ, ಅದನ್ನು ಒಂದು ಸುತ್ತು ಬಂದು, ಕೂತು, ಕತ್ತೆತ್ತಿ ಊಳಿಟ್ಟಿತಂತೆ. ಸಿಕ್ಕಿತು ಅನ್ನುವುದಕ್ಕೆ ಆ ತಳಿ ಕೂಗುವುದೇ ಹಾಗೆ.

ಹಾಳು ನಾಯಿ ಅಂತ ಯಾರೋ ಕಲ್ಲೆತ್ತಿದರಂತೆ. ಕಾಟಮ್ಮ ಅಡ್ಡ ಬಂದಳಂತೆ.

“ಹೊಡೀಬ್ಯಾಡ್ರಪ್ಪ. ನಾನು ಕೊಟ್ಟಿದ್ದನ್ನೇ ಅದು ಹುಡುಕೈತೆ. ಅವನ ವಾಸ್ನೆ ನಾನೇ ಕೈಯಾರೆ ತೊಳ್ಕಂಡೆ.”

ಒಂಬತ್ತು ದಿನ ಗುಡ್ಡವೆಲ್ಲ ಜಾಲಾಡಿದರು. ಚಿತ್ತಯ್ಯ ಸಿಗಲಿಲ್ಲ, ಅವನ ಕಂಬಳಿಯ ಎಳೆಯೂ ಸಿಗಲಿಲ್ಲ.

ಆಮೇಲೆ ಕಾಟಮ್ಮ ಬಹಳ ವರ್ಷ ಬದುಕಿದಳು. ಯಾವ ಊರಿಂದ ಕರೆ ಬಂದರೂ ಹೋಗುತ್ತಿದ್ದಳು. ಕೆಂಚಿ, ಕೆಂಚಿಯ ಮರಿ, ಆ ಮರಿಯ ಮರಿ, ಎಲ್ಲ ಸೇರಿ ನೂರೊಂದು ಜನರನ್ನು ಹುಡುಕಿಕೊಟ್ಟವು ಅಂತಾರೆ. ಸಿಕ್ಕವರನ್ನು ಮನೆಯವರು ತಬ್ಬಿಕೊಂಡು ಅಳುವಾಗ ಅವಳು ಮಾತ್ರ ಅಲ್ಲಿ ನಿಲ್ಲುತ್ತಿರಲಿಲ್ಲವಂತೆ. ನಾಯಿಯನ್ನು ಕರೆದುಕೊಂಡು ದೂರ ಹೋಗಿ, ಅವರಿಗೆ ಬೆನ್ನು ಮಾಡಿ ಕೂರುತ್ತಿದ್ದಳಂತೆ. ಪಾಪ, ಅವಳು ಕೇಳಿದ್ದು ಒಬ್ಬನನ್ನು.

ಅಂದಿನಿಂದ ನಮ್ಮ ಕಡೆ ಮನೆಯವರು ಯಾರಾದರೂ ದೂರ ಹೊರಟರೆ ಅವರು ಬಿಚ್ಚಿಟ್ಟುಹೋದ ಬಟ್ಟೆಯಲ್ಲಿ ಒಂದನ್ನು ಒಗೆಯುವುದಿಲ್ಲ. ಯಾವ ಹಬ್ಬ ಬಂದರೂ ಸರಿ. ಮಡಕೆಯಲ್ಲಿಟ್ಟು ಬಾಯಿ ಕಟ್ಟುತ್ತೇವೆ, ಅವರು ಹೊಸ್ತಿಲು ತುಳಿದ ಮೇಲೇ ಬಿಚ್ಚಿ ನೀರಿಗೆ ಹಾಕುವುದು. ಕಾಟಮ್ಮನ ತಳಿಯ ನಾಯಿ ಈಗ ಯಾವ ಹಟ್ಟಿಯಲ್ಲೂ ಒಂದಿಲ್ಲ. ಆದರೂ ಇಡುತ್ತೇವೆ. ಮನೆಯಲ್ಲಿ ಯಾರೂ ಇಲ್ಲದಾಗ ಮಡಕೆಯ ಬಾಯಿ ಬಿಚ್ಚಿ ನಾವೇ ಮೂಸುತ್ತೇವೆ.